ಅಮ್ಮನ ಧಾರಾವಾಹಿ ಯಾಕೆ ನಿಂತು ಹೋಯ್ತು?

ರಾತ್ರಿ ಹತ್ತು ಗಂಟೆ ಎರಡು ನಿಮಿಷ. ಎರಡೂವರೆ ವರ್ಷ ದಿನಾ ನನ್ನ ಫೋನ್ ರಿಂಗಾಗುತ್ತಿದ್ದ ಹೊತ್ತು ಅದು. ತಿಪಟೂರಿನಿಂದ ಅಮ್ಮ. ಹಲೋ, ಹೇಗಿದೀಯ, ಯಾವುದೂ ಇಲ್ಲ. "ನೋಡಿದ್ಯೇನೇ? ಆ ಮಾವ ಪತ್ರಾನ ಸುಟ್ಟೇ ಬಿಟ್ಟ!" ಅಂತ ನೇರ ಶುರು.

ಒಂಬತ್ತೂವರೆಗೆ ಬರುತ್ತಿದ್ದ ಧಾರಾವಾಹಿ. ಹೆಸರು ಬೇಡ ಬಿಡಿ, ನಿಮ್ಮ ಮನೆಯಲ್ಲೂ ಅಂಥದ್ದೊಂದು ಇದ್ದೇ ಇರುತ್ತೆ. ಮದುವೆಯಾಗಿ, ಮಗು ಆಗಿ, ಮೂವತ್ತೈದರ ಮೇಲೆ ಲಾ ಓದೋಕೆ ಹೊರಡುವ ಹೆಣ್ಣಿನ ಕಥೆ. ಅಮ್ಮನಿಗೆ ಅದು ಯಾಕೆ ಅಷ್ಟು ಇಷ್ಟ ಅಂತ ನನಗೆ ಗೊತ್ತಿತ್ತು. ನಾನು ಮೂರನೇ ಕ್ಲಾಸಲ್ಲಿದ್ದಾಗ ಅಮ್ಮ ಕರೆಸ್ಪಾಂಡೆನ್ಸ್‌ನಲ್ಲಿ ಬಿ.ಎ. ಕಟ್ಟಿದ್ದಳು. ಅಡುಗೆಮನೆ ಕಟ್ಟೆ ಮೇಲೆ ಪುಸ್ತಕ ಒರಗಿಸಿಕೊಂಡು ಓದುತ್ತಿದ್ದದ್ದು ನನಗೆ ನೆನಪಿದೆ.

ನಿಜ ಹೇಳಬೇಕು ಅಂದ್ರೆ ನಾನು ಆ ಧಾರಾವಾಹಿ ನೋಡ್ತಾನೇ ಇರಲಿಲ್ಲ. ಆಫೀಸ್ ಕ್ಯಾಬ್‌ನಲ್ಲಿ ಬರುವಾಗ ಫೋನಿನಲ್ಲಿ ಒಂದು ನಿಮಿಷದ ಪ್ರೋಮೊ ನೋಡಿಕೊಳ್ಳುತ್ತಿದ್ದೆ. ಅಮ್ಮನ ಜೊತೆ ಮಾತಾಡೋಕೆ ಅಷ್ಟು ಸಾಕಿತ್ತು. ಮಾವನಿಂದ ಶುರುವಾದ ಮಾತು ಪಕ್ಕದ ಮನೆಯ ಜಗಳಕ್ಕೆ ಹೋಗಿ, ಅಲ್ಲಿಂದ ಅಪ್ಪನ ಶುಗರ್‌ಗೆ ಬಂದು, ಕೊನೆಗೆ ನನ್ನ ಮ್ಯಾನೇಜರ್ ತನಕ ಹೋಗುತ್ತಿತ್ತು. ಇಪ್ಪತ್ತು ನಿಮಿಷ ಆರಾಮಾಗಿ.

ಒಂದು ಸೋಮವಾರ ಅಮ್ಮ ಸಪ್ಪೆ ದನಿಯಲ್ಲಿ, "ಈ ವಾರ ಮುಗಿಸ್ತಾರಂತೆ ಕಣೇ" ಅಂದಳು. ಎಂಟು ತಿಂಗಳಿಂದ ಎಳೆದಿದ್ದ ಆಸ್ತಿ ಕೇಸು ಶುಕ್ರವಾರ ಒಂದೇ ಕಂತಿನಲ್ಲಿ ಇತ್ಯರ್ಥ. 'ಒಂದು ವರ್ಷದ ನಂತರ' ಅಂತ ಅಕ್ಷರ ಬಂತು. ಎಲ್ಲರೂ ರೇಷ್ಮೆ ಉಟ್ಟು ಗ್ರೂಪ್ ಫೋಟೊಗೆ ನಿಂತರು. ಪತ್ರ ಸುಟ್ಟ ಮಾವನೂ ನಗ್ತಾ ನಿಂತಿದ್ದ. ಮುಗೀತು.

"ಆ ಜಡ್ಜು ತೀರ್ಪನ್ನೇ ಓದಲಿಲ್ಲ" ಅಂದಳು ಅಮ್ಮ.

ಮುಂದಿನ ವಾರದಿಂದ ನಮ್ಮ ಫೋನ್ ಹೀಗಿತ್ತು. "ಊಟ ಆಯ್ತಾ?" "ಆಯ್ತು." "ಮಳೆ ಬಂತಾ?" "ಇಲ್ಲ." "ಸರಿ ಮಲ್ಕೋ." ಕಾಲ್ ಲಾಗ್ ನೋಡಿದರೆ ನಲವತ್ತು ಸೆಕೆಂಡು, ಐವತ್ತು ಸೆಕೆಂಡು. ಆಗಲೇ ನನಗೆ ಕೋಪ ಬಂದಿದ್ದು. ಇಷ್ಟು ಜನ ಇಷ್ಟಪಡುವ ಕಾರ್ಯಕ್ರಮವನ್ನು ಯಾಕೆ ನಿಲ್ಲಿಸ್ತಾರೆ? ಹುಡುಕುತ್ತಾ ಹೋದೆ. ಸಿಕ್ಕ ಉತ್ತರ ಕೊನೆಗೆ ನನ್ನ ಲ್ಯಾಪ್‌ಟಾಪಿನ ಹತ್ತಿರಕ್ಕೇ ಬಂದು ನಿಂತಿತು. ಅದನ್ನೂ ಹೇಳ್ತೀನಿ.

ಅಗುಳಿನ ಲೆಕ್ಕ

ಮೊದಲು ಒಂದು ಕಹಿ ವಿಷಯ. ಟಿವಿಯ ಗ್ರಾಹಕರು ನಾವಲ್ಲ, ಜಾಹೀರಾತು ಕೊಡುವವರು. ನಾವು ಎಷ್ಟು ಜನ ಕೂತು ನೋಡುತ್ತೇವೆ ಅನ್ನೋದು ಚಾನೆಲ್ ಅವರಿಗೆ ಮಾರುವ ಸರಕು. ಸೋಪು, ಟೂತ್‌ಪೇಸ್ಟ್, ಚಿನ್ನದಂಗಡಿಯವರು ದುಡ್ಡು ಕೊಡುವುದು ಕಥೆಗಲ್ಲ, ಕಥೆ ಮುಂದೆ ಕೂತ ಕಣ್ಣುಗಳಿಗೆ.

ಆ ಕಣ್ಣುಗಳನ್ನು ಎಣಿಸೋದು ಹೇಗೆ? ನಮ್ಮ ದೇಶದಲ್ಲಿ 2015ರಿಂದ ಈ ಕೆಲಸ ಮಾಡುತ್ತಿರುವುದು ಬಾರ್ಕ್ ಎಂಬ ಸಂಸ್ಥೆ. ಆಯ್ದ ಕೆಲವು ಮನೆಗಳ ಟಿವಿಗೆ ಒಂದು ಮೀಟರ್ ಜೋಡಿಸಿರುತ್ತಾರೆ. ಕಾರ್ಯಕ್ರಮದ ಸದ್ದಿನಲ್ಲೇ ನಮ್ಮ ಕಿವಿಗೆ ಕೇಳಿಸದ ಗುರುತೊಂದನ್ನು ಬೆರೆಸಿರುತ್ತಾರೆ, ಮೀಟರ್ ಅದನ್ನು ಹಿಡಿಯುತ್ತದೆ. ಮನೆಯಲ್ಲಿ ಪ್ರತಿಯೊಬ್ಬರಿಗೂ ಒಂದೊಂದು ಬಟನ್, ಟಿವಿ ಮುಂದೆ ಕೂತವರು ತಮ್ಮದನ್ನು ಒತ್ತಬೇಕು. ಹೀಗೆ ಸಿಕ್ಕ ಲೆಕ್ಕ ವಾರಕ್ಕೊಮ್ಮೆ, ಗುರುವಾರ ಹೊರಬರುತ್ತದೆ. ಧಾರಾವಾಹಿ ತಂಡಗಳಿಗೆ ಗುರುವಾರ ಅಂದ್ರೆ ವಾರ ವಾರ ಬರುವ ರಿಸಲ್ಟ್ ದಿನ.

2025ರಲ್ಲಿ ಇಂಥ ಮೀಟರ್ ಇದ್ದ ಮನೆಗಳು ಇಡೀ ದೇಶದಲ್ಲಿ 58 ಸಾವಿರದ ಆಸುಪಾಸು. ಟಿವಿ ಇದ್ದ ಮನೆಗಳು ಸುಮಾರು 23 ಕೋಟಿ. ಅಂದ್ರೆ ಹೆಚ್ಚುಕಮ್ಮಿ ನಾಲ್ಕು ಸಾವಿರ ಮನೆಗೆ ಒಂದು ಮನೆ ಮಾತಾಡುತ್ತದೆ. ನಮ್ಮ ಬೀದಿಯಲ್ಲಿ, ನಮ್ಮ ನೆಂಟರಲ್ಲಿ, ಯಾರ ಮನೆಯಲ್ಲೂ ಆ ಮೀಟರ್ ನಾನು ನೋಡಿಲ್ಲ.

ಇದು ಮೋಸ ಅಂತ ಮೊದಲು ಅನ್ನಿಸಿತು. ಆದರೆ ಯೋಚಿಸಿದರೆ, ಅನ್ನ ಬೆಂದಿದೆಯಾ ಅಂತ ನೋಡೋಕೆ ಪಾತ್ರೆ ಪೂರ್ತಿ ಹಿಸುಕಬೇಕಿಲ್ಲ, ಒಂದಗುಳು ಸಾಕು. ಸರಿಯಾಗಿ ಆರಿಸಿದ ಸ್ಯಾಂಪಲ್ ಅಷ್ಟೇನೂ ಸುಳ್ಳು ಹೇಳಲ್ಲ. ಕೊರತೆ ಇರುವುದು ಬೇರೆ ಕಡೆ. ಅಗುಳು ಹಿಸುಕಿದರೆ ಬೆಂದಿದ್ದು ಗೊತ್ತಾಗುತ್ತೆ, ಊಟ ಎಷ್ಟು ರುಚಿಸಿತು ಅಂತ ಗೊತ್ತಾಗಲ್ಲ. ಟಿವಿ ಹಾಕಿಕೊಂಡು ಹುರುಳಿಕಾಯಿ ಹೆಚ್ಚುತ್ತಾ, ಮಧ್ಯೆ ಮಧ್ಯೆ ಫೋನ್ ನೋಡುವವರೂ ಒಂದೇ. ನೀರು ಕುಡಿಯೋಕೂ ಏಳದೆ ಕೂರುವ ನನ್ನಮ್ಮನೂ ಒಂದೇ. ಎಷ್ಟು ಜನ ನೋಡಿದರು ಅಂತ ಮೀಟರ್ ಹೇಳುತ್ತೆ. ಎಷ್ಟು ಆಸೆಯಿಂದ ನೋಡಿದರು ಅಂತ ಅದಕ್ಕೆ ತಿಳಿಯಲ್ಲ.

ಜನರ ಪ್ರೀತಿ ಗಳಿಸಿದ ಕಾರ್ಯಕ್ರಮಗಳು ಸಾಯೋದು ಈ ಸಂದಿನಲ್ಲೇ. ಇದು ಇವತ್ತಿನ ಕಥೆಯಲ್ಲ, ನಮ್ಮ ಕನ್ನಡದ ಕಥೆ ಮಾತ್ರವೂ ಅಲ್ಲ.

ಒಂದು ಲಕ್ಷ ಪತ್ರ, ಒಂದು ಶುಕ್ರವಾರ

ಅಮೆರಿಕದಲ್ಲಿ 1966ರ ಸೆಪ್ಟೆಂಬರ್‌ನಲ್ಲಿ ಎನ್‌ಬಿಸಿ ಚಾನೆಲ್‌ನಲ್ಲಿ 'ಸ್ಟಾರ್ ಟ್ರೆಕ್' ಶುರುವಾಯಿತು. ಬಾಹ್ಯಾಕಾಶ ನೌಕೆ, ಉದ್ದ ಕಿವಿಯ ಸ್ಪಾಕ್, ಹೊಸ ಹೊಸ ಗ್ರಹ. ನೋಡಿದವರು ಹುಚ್ಚಾದರು. ಆದರೆ ರೇಟಿಂಗ್ ಮಾತ್ರ ಸಾಧಾರಣ. ಎರಡನೇ ಸೀಸನ್‌ಗೇ ನಿಲ್ಲಿಸ್ತಾರೆ ಅನ್ನುವ ಸುದ್ದಿ ಹಬ್ಬಿತು. ಆಗ ಬೀಜೋ ಟ್ರಿಂಬಲ್ ಮತ್ತು ಜಾನ್ ಟ್ರಿಂಬಲ್ ಎಂಬ ದಂಪತಿ ಪತ್ರ ಚಳವಳಿ ಶುರು ಮಾಡಿದರು. ಇಮೇಲ್ ಇಲ್ಲದ ಕಾಲ, ಎಲ್ಲ ಅಂಚೆಯಲ್ಲೇ. ಒಂದು ಲಕ್ಷಕ್ಕೂ ಹೆಚ್ಚು ಪತ್ರ ಬಂದವು ಅನ್ನುತ್ತಾರೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್ ವಿದ್ಯಾರ್ಥಿಗಳು ಚಾನೆಲ್ ಕಚೇರಿಗೆ ಮೆರವಣಿಗೆ ಹೋದರು. ಕೊನೆಗೆ 1968ರ ಮಾರ್ಚ್‌ನಲ್ಲಿ ಕಂತು ಮುಗಿದ ಮೇಲೆ ಟಿವಿಯಲ್ಲೇ ಘೋಷಣೆ ಬಂತು. ಸ್ಟಾರ್ ಟ್ರೆಕ್ ಮುಂದುವರಿಯುತ್ತದೆ!

ಖುಷಿ ಜಾಸ್ತಿ ದಿನ ಉಳಿಯಲಿಲ್ಲ. ಮೂರನೇ ಸೀಸನ್‌ಗೆ ಕೊಟ್ಟಿದ್ದು ಶುಕ್ರವಾರ ರಾತ್ರಿ ಹತ್ತು ಗಂಟೆ. ನೋಡುವವರಲ್ಲಿ ಬಹುಪಾಲು ಯುವಕರು, ಕಾಲೇಜು ಹುಡುಗರು. ಶುಕ್ರವಾರ ರಾತ್ರಿ ಹತ್ತಕ್ಕೆ ಅವರು ಮನೆಯಲ್ಲಿ ಇರ್ತಾರಾ? ಬಜೆಟ್ಟೂ ಕಡಿಮೆಯಾಯಿತು. 1969ರಲ್ಲಿ 79 ಕಂತಿಗೆ ಸ್ಟಾರ್ ಟ್ರೆಕ್ ನಿಂತಿತು.

ಈ ಭಾಗ ಓದುವಾಗ ನನಗೆ ನಮ್ಮ ಧಾರಾವಾಹಿಯೇ ನೆನಪಾಯಿತು. ನಿಲ್ಲಿಸುವ ನಾಲ್ಕು ತಿಂಗಳ ಮುಂಚೆ ಅದನ್ನು ಒಂಬತ್ತೂವರೆಯಿಂದ ಎತ್ತಿ ಸಂಜೆ ಐದೂವರೆಗೆ ಹಾಕಿದ್ದರು. ಅಮ್ಮ ಹೂವು ತರೋಕೆ ಹೋಗೋ ಟೈಮ್ ಬದಲಾಯಿಸಿಕೊಂಡಳು, ಫೋನ್ ಮಾತ್ರ ಹತ್ತಕ್ಕೇ ಮಾಡುತ್ತಿದ್ದಳು. ಎಲ್ಲರೂ ಹಾಗೆ ಮಾಡೋಕಾಗುತ್ತಾ? ಸಮಯ ಬದಲಾದಾಗ ನೋಡುವವರು ಕಡಿಮೆಯಾಗುತ್ತಾರೆ. ಕಡಿಮೆಯಾದರು ಅಂತ ಕಾರ್ಯಕ್ರಮ ನಿಲ್ಲುತ್ತದೆ. ಹೊಸ ಧಾರಾವಾಹಿಗೆ ಒಳ್ಳೆ ಜಾಗ ಕೊಡಬೇಕು ಅನ್ನೋದು ಚಾನೆಲ್‌ನ ಕಷ್ಟ, ಅದೂ ಸುಳ್ಳಲ್ಲ. ನಿಮ್ಮ ನೆಚ್ಚಿನ ಧಾರಾವಾಹಿಯ ಟೈಮ್ ಬದಲಾಯಿತು ಅಂದ್ರೆ ಮಾತ್ರ ಸ್ವಲ್ಪ ಹುಷಾರಾಗಿ.

ಮುಂದಿನದು ಸ್ವಾರಸ್ಯ. ನಿಂತ ಮೇಲೆ ಆ 79 ಕಂತುಗಳನ್ನು ಅಮೆರಿಕದ ಊರೂರಿನ ಸಣ್ಣ ಸ್ಟೇಷನ್‌ಗಳು ಕೊಂಡು ಸಂಜೆ ಹೊತ್ತು ಮರುಪ್ರಸಾರ ಮಾಡಿದವು. ಸ್ಕೂಲಿಂದ ಬಂದ ಮಕ್ಕಳು, ಆಫೀಸಿಂದ ಬಂದವರು ನೋಡಿದರು. ಅಭಿಮಾನಿಗಳು ಹೆಚ್ಚಾಗಿದ್ದು ಕಾರ್ಯಕ್ರಮ ಸತ್ತ ಮೇಲೆ! 1979ರಲ್ಲಿ ಸಿನಿಮಾ ಬಂತು, 1987ರಲ್ಲಿ ಹೊಸ ತಲೆಮಾರಿನ ಸರಣಿ ಬಂತು. ಒಂದು ಲಕ್ಷ ಪತ್ರಕ್ಕೆ ಆಗದ ಕೆಲಸವನ್ನು ಸಂಜೆ ಹೊತ್ತಿನ ಮರುಪ್ರಸಾರ ಮಾಡಿತು.

ಕಡಲೆಕಾಯಿ ಮತ್ತು ಸ್ಯಾಂಡ್‌ವಿಚ್

ಪ್ರೀತಿಯನ್ನು ಲೆಕ್ಕಕ್ಕೆ ಸಿಗುವ ಹಾಗೆ ಮಾಡೋಕೆ ಅಭಿಮಾನಿಗಳು ಏನೇನೋ ಮಾಡಿದ್ದಾರೆ. 2007ರಲ್ಲಿ ಸಿಬಿಎಸ್ ಚಾನೆಲ್ 'ಜೆರಿಕೊ' ಎಂಬ ಸರಣಿಯನ್ನು ಒಂದೇ ಸೀಸನ್‌ಗೆ ನಿಲ್ಲಿಸಿತು. ಕೊನೆಯ ಕಂತಿನಲ್ಲಿ ಶರಣಾಗು ಅಂದವರಿಗೆ ನಾಯಕ 'ನಟ್ಸ್' ಅಂತ ಒಂದೇ ಪದದಲ್ಲಿ ಉತ್ತರ ಕೊಡುತ್ತಾನೆ. ಹೋಗ್ರೋ ಅಂದ ಹಾಗೆ. ಅಭಿಮಾನಿಗಳು ಅದನ್ನೇ ಹಿಡಿದು ಚಾನೆಲ್ ಕಚೇರಿಗೆ ಕಡಲೆಕಾಯಿ ಬೀಜ ಕಳಿಸಿದರು. ಒಂದೆರಡು ಪೊಟ್ಟಣ ಅಲ್ಲ, ಸುಮಾರು 20 ಟನ್! ಬಸವನಗುಡಿ ಪರಿಷೆಯೇ ಆಫೀಸಿಗೆ ಬಂದು ಇಳಿದ ಹಾಗಿತ್ತೇನೋ.

ಚಾನೆಲ್ ಬಗ್ಗಿತು. ಏಳು ಕಂತು ಹೊಸದಾಗಿ ಮಾಡಿಸಿತು. ಜೊತೆಗೆ ಒಂದು ಮಾತು ಹೇಳಿತು: ಕಡಲೆಕಾಯಿ ಸಾಕು, ಪ್ರಸಾರವಾಗುವ ಹೊತ್ತಿಗೇ ಟಿವಿಯಲ್ಲಿ ನೋಡಿ, ನಿಮ್ಮ ಸ್ನೇಹಿತರಿಗೂ ಹೇಳಿ. ರೆಕಾರ್ಡ್ ಮಾಡಿಕೊಂಡು, ಇಂಟರ್‌ನೆಟ್‌ನಲ್ಲಿ ಆಮೇಲೆ ನೋಡುವವರು ಅವರ ಜಾಹೀರಾತಿನ ಲೆಕ್ಕಕ್ಕೆ ಅಷ್ಟಾಗಿ ಬರುತ್ತಿರಲಿಲ್ಲ. ಏಳು ಕಂತು ಮುಗಿಯಿತು, ಲೆಕ್ಕ ಏರಲಿಲ್ಲ, 2008ರಲ್ಲಿ ಮತ್ತೆ ನಿಂತಿತು. ಕಡಲೆಕಾಯಿ ಸುದ್ದಿಯಾಯಿತು, ಆದಾಯ ಆಗಲಿಲ್ಲ.

2009ರಲ್ಲಿ 'ಚಕ್' ಸರಣಿಯ ಅಭಿಮಾನಿಗಳು ಇನ್ನೂ ಜಾಣರು. ಆ ಕಾರ್ಯಕ್ರಮದಲ್ಲಿ ಜಾಹೀರಾತು ಕೊಡುತ್ತಿದ್ದ ಸಬ್‌ವೇ ಅಂಗಡಿಗಳಿಗೆ ಹೋಗಿ ಸ್ಯಾಂಡ್‌ವಿಚ್ ತಿಂದರು. ಚಕ್ ಗೋಸ್ಕರ ಬಂದಿದ್ದೇವೆ ಅಂತ ಚೀಟಿ ಬರೆದಿಟ್ಟು ಬಂದರು. ಸಬ್‌ವೇ ಪ್ರಾಯೋಜಕತ್ವ ಹೆಚ್ಚಿಸಿತು, ಸರಣಿ ಉಳಿಯಿತು, 2012ರ ತನಕ ಓಡಿತು. ದುಡ್ಡು ಎಲ್ಲಿಂದ ಬರುತ್ತೆ ಅಂತ ಇವರಿಗೆ ಗೊತ್ತಿತ್ತು.

ಮನೆ ಯಾರದ್ದು, ಬಾಡಿಗೆ ಯಾರದ್ದು

ನಮ್ಮ ವಯಸ್ಸಿನವರಿಗೆ ಹತ್ತಿರದ ಉದಾಹರಣೆ 'ಬ್ರೂಕ್ಲಿನ್ ನೈನ್-ನೈನ್'. ಪೊಲೀಸ್ ಸ್ಟೇಷನ್ನಿನ ಆ ಕಾಮಿಡಿಯನ್ನು ನನ್ನ ಪಿಜಿಯಲ್ಲಿ ಊಟದ ತಟ್ಟೆ ಮುಂದೆ ಇಟ್ಟುಕೊಂಡು ನೋಡದ ಹುಡುಗಿ ಇರಲಿಲ್ಲ. 2018ರ ಮೇ 10ರಂದು ಫಾಕ್ಸ್ ಚಾನೆಲ್ ಅದನ್ನು ನಿಲ್ಲಿಸಿತು. ಸೋಶಿಯಲ್ ಮೀಡಿಯಾದಲ್ಲಿ ಗೋಳೋ ಅಂತ ಅಳು. 31 ಗಂಟೆಯೊಳಗೆ ಎನ್‌ಬಿಸಿ ಅದನ್ನು ಎತ್ತಿಕೊಂಡಿತು. ಅಭಿಮಾನಿಗಳು ಗೆದ್ದರು ಅಂತ ನಾವೆಲ್ಲ ಸ್ಟೇಟಸ್ ಹಾಕಿದ್ದೇ ಹಾಕಿದ್ದು.

ಅಭಿಮಾನಿಗಳ ಕೂಗಿಗೆ ಪಾಲು ಖಂಡಿತ ಇತ್ತು. ಆದರೆ ಒಳಗೆ ಇನ್ನೊಂದು ಸಂಗತಿ ಇತ್ತು. ಅದನ್ನು ತಯಾರಿಸುತ್ತಿದ್ದದ್ದು ಯೂನಿವರ್ಸಲ್ ಟೆಲಿವಿಷನ್. ಅದು ಎನ್‌ಬಿಸಿಯದೇ ಬಳಗದ ಕಂಪನಿ. ಫಾಕ್ಸ್ ಬರೀ ಬಾಡಿಗೆದಾರ, ಮನೆ ಎನ್‌ಬಿಸಿ ಕುಟುಂಬದ್ದು. ಒಂದು ಸರಣಿಯಿಂದ ಮೊದಲ ಪ್ರಸಾರದ ಜಾಹೀರಾತು ಮಾತ್ರವಲ್ಲ, ಮರುಪ್ರಸಾರ, ವಿದೇಶದ ಮಾರಾಟ, ಒಟಿಟಿ ಹಕ್ಕು, ಎಲ್ಲದರಿಂದಲೂ ದುಡ್ಡು ಬರುತ್ತೆ. ಅದೆಲ್ಲ ಸೇರುವುದು ಮಾಲೀಕರಿಗೆ. ಬಾಡಿಗೆದಾರನಿಗೆ ನಷ್ಟ ಅನ್ನಿಸಿದ್ದೇ ಮಾಲೀಕನಿಗೆ ಲಾಭ ಆಗಬಹುದು. ಹಾಗಾಗಿ ಆ ಕಾರ್ಯಕ್ರಮ ತವರಿಗೆ ಬಂದು 2021ರ ತನಕ ನಡೆಯಿತು.

ಅದೇ ತಿಂಗಳು ಸಿಫೈ ಚಾನೆಲ್ 'ದಿ ಎಕ್ಸ್‌ಪ್ಯಾನ್ಸ್' ಎಂಬ ಬಾಹ್ಯಾಕಾಶ ಸರಣಿಯನ್ನು ಕೈಬಿಟ್ಟಿತು. ಆ ಚಾನೆಲ್‌ಗೆ ಇದ್ದದ್ದು ಅಮೆರಿಕದ ಟಿವಿಯಲ್ಲಿ ಮೊದಲು ತೋರಿಸುವ ಹಕ್ಕು ಅಷ್ಟೇ. ಜನ ಆಮೇಲೆ ಆನ್‌ಲೈನ್‌ನಲ್ಲಿ ಎಷ್ಟು ನೋಡಿದರೂ ಅದಕ್ಕೆ ಲಾಭ ಇಲ್ಲ. ಅಭಿಮಾನಿಗಳು ಚಂದಾ ಎತ್ತಿ, ಬ್ಯಾನರ್ ಕಟ್ಟಿದ ವಿಮಾನವನ್ನು ಅಮೆಜಾನ್ ಸ್ಟುಡಿಯೊ ಮೇಲೆ ಹಾರಿಸಿದರು. ಅಮೆಜಾನ್ ಅದನ್ನು ಕೊಂಡಿತು. ಟಿವಿ ಲೆಕ್ಕದಲ್ಲಿ ಸೋತದ್ದು ಒಟಿಟಿ ಲೆಕ್ಕದಲ್ಲಿ ಗೆದ್ದಿತು.

ಲೆಕ್ಕ ಬದಲಾದರೆ ಏನಾಗುತ್ತೆ ಅನ್ನೋದಕ್ಕೆ 'ಮನಿ ಹೈಸ್ಟ್' ನೋಡಿ. ಕೆಂಪು ಬಟ್ಟೆ, ಡಾಲಿ ಮುಖವಾಡ. 2017ರಲ್ಲಿ ಸ್ಪೇನ್‌ನ ಆಂತೆನಾ 3 ಚಾನೆಲ್‌ನಲ್ಲಿ ಬಂದಾಗ ಮೊದಲ ಕಂತನ್ನು 40 ಲಕ್ಷಕ್ಕೂ ಹೆಚ್ಚು ಜನ ನೋಡಿದ್ದರು. ಆಮೇಲೆ ವಾರ ವಾರ ಇಳಿಯುತ್ತಾ ಅರ್ಧಕ್ಕಿಂತ ಕೆಳಗೆ ಬಂತು. ಕಥೆ ಮುಗಿಯಿತು, ಕಲಾವಿದರು ಅವರವರ ದಾರಿ ಹಿಡಿದರು. ಆಮೇಲೆ ನೆಟ್‌ಫ್ಲಿಕ್ಸ್ ಅದನ್ನು ಕೊಂಡು, ಕಂತುಗಳನ್ನು ಚಿಕ್ಕದಾಗಿ ಕತ್ತರಿಸಿ ಜಗತ್ತಿಗೆಲ್ಲ ಬಿಟ್ಟಿತು. ಮುಂದಿನದು ನಿಮಗೇ ಗೊತ್ತು. ಚದುರಿ ಹೋದ ತಂಡವನ್ನು ಮತ್ತೆ ಸೇರಿಸಿ 2019ರಲ್ಲಿ ಹೊಸ ಭಾಗ ತಂದರು. ಅದೇ ಕಥೆ, ಅದೇ ಕಲಾವಿದರು. ವಾರಕ್ಕೊಮ್ಮೆ ರಾತ್ರಿ ಹೊತ್ತು ಕಾಯಿಸಿದಾಗ ಸೋತದ್ದು, ಒಂದೇ ಏಟಿಗೆ ನೋಡಬಹುದು ಅಂದಾಗ ಗೆದ್ದಿತು.

ಅಮೆರಿಕದ ಕಾರ್ಟೂನ್ ಸರಣಿ 'ಫ್ಯಾಮಿಲಿ ಗೈ' ಕೂಡ ಹೀಗೇ. 2002ರಲ್ಲಿ ಫಾಕ್ಸ್ ನಿಲ್ಲಿಸಿತ್ತು. ಡಿವಿಡಿಗಳು ಭರ್ಜರಿ ಮಾರಾಟವಾದವು, ಬೇರೊಂದು ಚಾನೆಲ್‌ನಲ್ಲಿ ತಡರಾತ್ರಿ ಮರುಪ್ರಸಾರಕ್ಕೂ ಜನ ಮುಗಿಬಿದ್ದರು. ನಿಲ್ಲಿಸಿದ ಚಾನೆಲ್ಲೇ 2005ರಲ್ಲಿ ಮತ್ತೆ ಕರೆಯಿತು.

ಹಾಗಂತ ಒಟಿಟಿ ಏನು ದೇವಲೋಕ ಅಲ್ಲ. ಅಲ್ಲಿ ಮೀಟರ್ ಪ್ರತಿ ಮನೆಯಲ್ಲೂ ಇದೆ, ನಮ್ಮ ಫೋನೇ ಮೀಟರ್. ಎಲ್ಲಿ ನಿಲ್ಲಿಸಿದ್ವಿ, ಯಾವ ಕಂತಿಗೆ ಬಿಟ್ಟುಹೋದ್ವಿ, ಎಲ್ಲ ಅವರಿಗೆ ಗೊತ್ತು. ಖರ್ಚಿಗೆ ತಕ್ಕಷ್ಟು ಜನ ನೋಡ್ತಾ ಇದ್ದಾರಾ ಅನ್ನೋದೇ ಪ್ರಶ್ನೆ. ಸೀಸನ್ ಹೆಚ್ಚಾದ ಹಾಗೆ ಕಲಾವಿದರ ಸಂಭಾವನೆ ಏರುತ್ತೆ, ಹೊಸ ನೋಡುಗರು ಮಾತ್ರ ಅಷ್ಟಾಗಿ ಬರಲ್ಲ. 'ಒನ್ ಡೇ ಅಟ್ ಎ ಟೈಮ್' ಎಂಬ ಚಂದದ ಕುಟುಂಬ ಸರಣಿಯನ್ನು 2019ರಲ್ಲಿ ನೆಟ್‌ಫ್ಲಿಕ್ಸ್ ಮೂರು ಸೀಸನ್‌ಗೆ ನಿಲ್ಲಿಸಿದಾಗ ಕಾರಣವನ್ನೂ ಹೇಳಿತ್ತು, ಸಾಕಷ್ಟು ಜನ ನೋಡಲಿಲ್ಲ ಅಂತ. ಒಂದು ಕೇಬಲ್ ಚಾನೆಲ್ ಅದನ್ನು ಎತ್ತಿಕೊಂಡಿತು. ಮರುವರ್ಷ ಅಲ್ಲೂ ನಿಂತಿತು.

ಆ ಸ್ಲೈಡ್ ಮಾಡಿದ್ದು ನಾನು

ಇಷ್ಟು ಓದುವ ಹೊತ್ತಿಗೆ ನನಗೆ ಒಳಗೊಳಗೇ ಇರಿಸುಮುರಿಸು ಶುರುವಾಗಿತ್ತು. ಯಾಕೆ ಅಂದ್ರೆ ನನ್ನ ಕೆಲಸವೂ ಇದೇ. ನಾನು ಡೇಟಾ ಅನಲಿಸ್ಟ್.

ನಾನು ಮೊದಲು ಕೆಲಸ ಮಾಡುತ್ತಿದ್ದ ಕಂಪನಿಯ ಆ್ಯಪ್‌ನಲ್ಲಿ ಒಂದು ಸಣ್ಣ ಸೌಲಭ್ಯ ಇತ್ತು. ಮಾತ್ರೆ ತಗೊಳ್ಳೋ ಹೊತ್ತಿಗೆ ಕನ್ನಡದಲ್ಲಿ ಒಂದು ದನಿ ನೆನಪಿಸುತ್ತಿತ್ತು. ಬಳಸುತ್ತಿದ್ದವರು ಕೆಲವೇ ನೂರು ಜನ. ಖರ್ಚು ಕಡಿಮೆ ಮಾಡಬೇಕು ಅಂತ ಬಂದಾಗ ಯಾವುದನ್ನು ತೆಗೆಯಬಹುದು ಅನ್ನುವ ಪಟ್ಟಿ ಮಾಡಿದ್ದು ನಾನು. ಆ ಸೌಲಭ್ಯದ ಮುಂದೆ 'ಬಳಕೆ ಶೇ 1ಕ್ಕಿಂತ ಕಡಿಮೆ' ಅಂತ ಕೆಂಪು ಬಣ್ಣದಲ್ಲಿ ಬರೆದಿದ್ದೆ. ಮೀಟಿಂಗ್‌ನಲ್ಲಿ ಅದಕ್ಕೆ ಹತ್ತು ಸೆಕೆಂಡೂ ಹಿಡಿಯಲಿಲ್ಲ.

ತಿಂಗಳ ನಂತರ ಒಂದು ಇಮೇಲ್ ಬಂತು. ವಯಸ್ಸಾದವರು ಬರೆದದ್ದು ಅಂತ ನೋಡಿದರೇ ಗೊತ್ತಾಗುತ್ತಿತ್ತು. ಮನೆಯಲ್ಲಿ ಒಬ್ಬರೇ ಇರೋದಂತೆ. ಬೆಳಿಗ್ಗೆ ಎಂಟಕ್ಕೆ ಆ ಹುಡುಗಿಯ ದನಿ ಕೇಳಿ ಅಭ್ಯಾಸ ಆಗಿತ್ತಂತೆ, ಈಗ ಬರ್ತಾ ಇಲ್ಲ, ತಮ್ಮ ಫೋನೇ ಕೆಟ್ಟಿದೆಯಾ ಅಂತ ಕೇಳಿದ್ದರು. ನಾನು ರೆಡಿಮೇಡ್ ಉತ್ತರ ಕಳಿಸಿದೆ. 'ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು.'

ನಾನು ಹಾಕಿದ ಅಂಕಿ ತಪ್ಪಾಗಿರಲಿಲ್ಲ. ಇವತ್ತು ಕೇಳಿದರೂ ಅದೇ ಅಂಕಿ ಬರುತ್ತೆ. ಆದರೆ ಬಳಸುವ ಆ ಕೆಲವು ನೂರು ಜನ ದಿನಾ ತಪ್ಪದೆ ಬಳಸ್ತಾರೆ, ಅವರಲ್ಲಿ ಬಹಳಷ್ಟು ಜನ ಎರಡು ವರ್ಷದಿಂದ ಇದ್ದಾರೆ ಅನ್ನುವ ಇನ್ನೊಂದು ಅಂಕಿಯೂ ಅದೇ ಟೇಬಲ್‌ನಲ್ಲಿ ಇತ್ತು. ಅದನ್ನು ಯಾರೂ ಕೇಳಲಿಲ್ಲ, ನಾನೂ ಹಾಕಲಿಲ್ಲ.

ಅಮ್ಮನ ಧಾರಾವಾಹಿ ನಿಲ್ಲಿಸಿದ ಚಾನೆಲ್‌ನಲ್ಲೂ ನನ್ನಂಥವಳೊಬ್ಬಳು ಇದ್ದಿರಬೇಕು. ಅವಳ ಸ್ಲೈಡ್‌ನಲ್ಲಿ ನನ್ನಮ್ಮ ಒಂದು ಸೊನ್ನೆಯ ಬಲಗಡೆಯ ಅಂಕಿ. ಕೋಪ ಮಾಡಿಕೊಳ್ಳೋದು ಆಮೇಲೆ ಸ್ವಲ್ಪ ಕಷ್ಟ ಆಯ್ತು.

ಮರಳಿ ಬಂದಾಗ ಏನು ಬರುತ್ತೆ?

ನಮ್ಮ ದೇಶದಲ್ಲೂ ವಾಪಸ್ ಬಂದವು ಬೇಕಾದಷ್ಟಿವೆ. ಸ್ಟಾರ್ ಒನ್‌ನಲ್ಲಿ 2006ಕ್ಕೆ ನಿಂತಿದ್ದ 'ಸಾರಾಭಾಯ್ ವರ್ಸಸ್ ಸಾರಾಭಾಯ್' ಮರುಪ್ರಸಾರದಲ್ಲೇ ಹೊಸ ಅಭಿಮಾನಿಗಳನ್ನು ಗಳಿಸಿ 2017ರಲ್ಲಿ ಹಾಟ್‌ಸ್ಟಾರ್‌ನಲ್ಲಿ ವೆಬ್ ಸರಣಿಯಾಗಿ ಬಂತು. 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ಎಲ್ಲ ನಿಂತು ಚಾನೆಲ್‌ಗಳ ಹತ್ತಿರ ಹೊಸ ಕಂತೇ ಇಲ್ಲದಾಗ ದೂರದರ್ಶನ ಮಾರ್ಚ್ 28ರಿಂದ ರಾಮಾನಂದ ಸಾಗರ್ ಅವರ 'ರಾಮಾಯಣ' ಹಾಕಿತು. ಮೂವತ್ತು ವರ್ಷ ಹಳೆಯ ಕಂತುಗಳನ್ನು ಇಡೀ ದೇಶ ಕೂತು ನೋಡಿತು. ಟಿ.ಎನ್. ಸೀತಾರಾಂ ಅವರ 'ಮಾಯಾಮೃಗ' ಚಂದನದಲ್ಲಿ ಮುಗಿದು ಎರಡು ದಶಕ ಕಳೆದ ಮೇಲೆ 2022ರಲ್ಲಿ 'ಮತ್ತೆ ಮಾಯಾಮೃಗ' ಆಗಿ ಮುಂದುವರಿಯಿತು. ಮೊದಲಿನದನ್ನು ನೋಡಿದವರ ಮಕ್ಕಳಿಗೂ ಆಗಲೇ ಮದುವೆ ಆಗಿತ್ತು.

ಆದರೆ ಮರಳಿ ಬಂದದ್ದು ಹೋದದ್ದರ ಹಾಗೇ ಇರಲ್ಲ. ಆಗುಂಬೆಯಲ್ಲಿ ಶಂಕರ್ ನಾಗ್ ಕಟ್ಟಿದ 'ಮಾಲ್ಗುಡಿ ಡೇಸ್' 2006ರಲ್ಲಿ ಕವಿತಾ ಲಂಕೇಶ್ ನಿರ್ದೇಶನದಲ್ಲಿ ಮತ್ತೆ ಬಂತು. ಶಂಕರ್ ನಾಗ್ 1990ರಲ್ಲೇ ಹೋಗಿದ್ದರು. ಇಪ್ಪತ್ತು ವರ್ಷ ನಡೆದು 2018ರಲ್ಲಿ ನಿಂತಿದ್ದ 'ಸಿಐಡಿ' 2024ರ ಡಿಸೆಂಬರ್‌ನಲ್ಲಿ ವಾಪಸ್ ಬಂತು. ಬಾಗಿಲು ಒಡೆಯುವ ದಯಾ ಬಂದ, ಎಸಿಪಿ ಪ್ರದ್ಯುಮ್ನ ಬಂದರು. ನಮ್ಮನ್ನು ನಗಿಸುತ್ತಿದ್ದ ಫ್ರೆಡ್ರಿಕ್ಸ್ ಬರಲಿಲ್ಲ. ಆ ಪಾತ್ರ ಮಾಡುತ್ತಿದ್ದ ದಿನೇಶ್ ಫಡ್ನಿಸ್ ಅದಕ್ಕೆ ಒಂದು ವರ್ಷ ಮುಂಚೆ ತೀರಿಕೊಂಡಿದ್ದರು. ನೋಡುವ ನಾವೂ ಅದೇ ಮನೆಯಲ್ಲಿ, ಅದೇ ಚಾಪೆ ಮೇಲೆ ಕೂತಿರಲಿಲ್ಲ.

ಎಲ್ಲವೂ ಮರಳಿ ಬರಬೇಕು ಅಂತಲೂ ಇಲ್ಲ ಬಿಡಿ. ಸಾವಿರ ಕಂತು ದಾಟಿ, ಸತ್ತವರು ಎರಡೆರಡು ಸಲ ಎದ್ದು ಬಂದ ಮೇಲೂ ನಿಲ್ಲದ ಧಾರಾವಾಹಿಗಳನ್ನು ನೋಡಿದರೆ, ಸರಿಯಾದ ಹೊತ್ತಿಗೆ ನಿಲ್ಲಿಸೋದೂ ಒಂದು ಮರ್ಯಾದೆ ಅನ್ನಿಸುತ್ತೆ. ಕೋಪ ಬರೋದು ನಿಲ್ಲಿಸಿದ್ದಕ್ಕಲ್ಲ, ಮುಗಿಸದೆ ನಿಲ್ಲಿಸಿದ್ದಕ್ಕೆ.

ನಮ್ಮ ಕೈಲಿ ಏನಾದರೂ ಇದೆಯಾ? ಸ್ವಲ್ಪ ಇದೆ. ಇಷ್ಟವಾದದ್ದನ್ನು ಆಮೇಲೆ ನೋಡೋಣ ಅಂತ ಲಿಸ್ಟಿಗೆ ಹಾಕಿ ಮರೆಯಬೇಡಿ, ಬಂದ ಹೊಸದರಲ್ಲೇ ನೋಡಿ. ಶುರು ಮಾಡಿದರೆ ಕೊನೇ ಕಂತಿನ ತನಕ ನೋಡಿ. ಟೆಲಿಗ್ರಾಮ್‌ನಲ್ಲಿ ಕದ್ದು ಬಂದ ಫೈಲ್ ಅಲ್ಲ, ಅಧಿಕೃತ ಆ್ಯಪ್‌ನಲ್ಲೇ ನೋಡಿ. ಬೇರೆ ಕಡೆ ನೋಡಿದ್ದು ಯಾವ ಲೆಕ್ಕಕ್ಕೂ ಬರಲ್ಲ. ನಾಲ್ಕು ಜನಕ್ಕೆ ಹೇಳಿ. ಪ್ರೀತಿ ಮನಸ್ಸಲ್ಲಿ ಇದ್ದರೆ ಸಾಲದು, ಎಣಿಸುವವರಿಗೆ ಕಾಣಬೇಕು. ಇಷ್ಟೆಲ್ಲ ಮಾಡಿದರೂ ಉಳಿಯುತ್ತೆ ಅಂತ ಗ್ಯಾರಂಟಿ ಇಲ್ಲ. ಟ್ರಿಂಬಲ್ ದಂಪತಿಗೆ ಸಿಕ್ಕಿದ್ದೂ ಒಂದೇ ಒಂದು ಸೀಸನ್.

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ಅಮ್ಮನ ಫೋನಿಗೆ ಆ ಚಾನೆಲ್‌ನ ಆ್ಯಪ್ ಹಾಕಿಕೊಟ್ಟೆ. ನಿಂತ ಧಾರಾವಾಹಿಯ ಹಳೇ ಕಂತೆಲ್ಲ ಅಲ್ಲೇ ಇದ್ದವು. "ಮೊದಲನೇದರಿಂದ ನೋಡ್ತೀನಿ" ಅಂದಳು. ಈ ಸಲ ನಾನೂ ನೋಡ್ತಾ ಇದ್ದೀನಿ, ಪ್ರೋಮೊ ಅಲ್ಲ, ಪೂರ್ತಿ ಕಂತು. ಬೆಳಿಗ್ಗೆ ಮೆಟ್ರೋದಲ್ಲಿ ಒಂದು, ಸಂಜೆ ಒಂದು. ಸತ್ತ ಧಾರಾವಾಹಿಗೆ ಇಬ್ಬರು ಹೊಸ ನೋಡುಗರು. ಯಾರ ಗ್ರಾಫೂ ಇದರಿಂದ ಏರಲ್ಲ ಅಂತ ನನಗೆ ಗೊತ್ತು.

ಮೊನ್ನೆ ರಾತ್ರಿ ಹತ್ತು ಗಂಟೆಗೆ ಫೋನ್ ಬಂತು. "ಆ ತೀರ್ಪು ಏನಾಗಿರಬೇಕಿತ್ತು ಗೊತ್ತಾ?" ಅಂದಳು ಅಮ್ಮ. ಸೊಸೆಗೆ ಮನೆ ಅಲ್ಲ, ಮನೆ ಪಕ್ಕದ ಸೈಟು ಕೊಡಬೇಕಂತೆ. ಅಲ್ಲಿ ಅವಳು ಆಫೀಸ್ ಹಾಕಿ ವಕೀಲಿಕೆ ಮಾಡಬೇಕಂತೆ. ಮಾವನಿಗೆ ಗ್ರೂಪ್ ಫೋಟೊದಲ್ಲಿ ಜಾಗ ಇರಬಾರದಂತೆ. "ಸೈಟು ಯಾಕಮ್ಮಾ, ಮನೆಯೇ ಕೊಡಬಹುದಲ್ಲ?" ಅಂದೆ. "ಅಯ್ಯೋ, ಆ ಮನೇಲಿ ಮತ್ತೆ ಅಡುಗೆ ಮಾಡ್ಕೊಂಡು ಕೂರಬೇಕಾ ಅವಳು?" ಅಂದಳು.

ಆಮೇಲೆ ಕಾಲ್ ಲಾಗ್ ನೋಡಿದೆ. ಇಪ್ಪತ್ತಾರು ನಿಮಿಷ.

ನಿಮ್ಮ ಮನೆಯಲ್ಲಿ ಅರ್ಧಕ್ಕೆ ನಿಂತ ಧಾರಾವಾಹಿ ಯಾವುದು? ಅದರ ತೀರ್ಪು ಏನಾಗಬೇಕಿತ್ತು ಅಂತ ಇವತ್ತು ರಾತ್ರಿ ಅಮ್ಮನ್ನ ಒಂದ್ಸಲ ಕೇಳಿ ನೋಡಿ.